ಮಂಜು ಒಂದೇ, ಗೆರೆ ಬೇರೆ

ಮಂಜು ಮುಸುಕಿದ ರನ್‌ವೇಗೆ ವಿಮಾನ ಇಳಿಸಬಹುದೇ ಎಂಬ ಪ್ರಶ್ನೆಗೆ ವಿಮಾನಯಾನದ ಕಾನೂನು ಎರಡು ಅಂಕಿಗಳಲ್ಲಿ ಉತ್ತರ ಕೊಡುತ್ತದೆ. ಮೊದಲನೆಯದು ನಿರ್ಧಾರದ ಎತ್ತರ. ನೆಲದಿಂದ ಇಷ್ಟು ಅಡಿ ಮೇಲಿರುವಾಗ ಪೈಲಟ್‌ಗೆ ರನ್‌ವೇಯೋ ಅದರ ದೀಪಗಳೋ ಕಾಣಬೇಕು. ಕಾಣದಿದ್ದರೆ ಇನ್ನೊಂದು ಯೋಚನೆಗೆ ಎಡೆಯಿಲ್ಲದೆ ವಿಮಾನವನ್ನು ಮೇಲೆತ್ತಬೇಕು. ಎರಡನೆಯದು ರನ್‌ವೇ ಗೋಚರ ದೂರ. ವೃತ್ತಿಯವರ ಬಾಯಲ್ಲಿ ಇದು ಆರ್‌ವಿಆರ್. ರನ್‌ವೇಯ ನಡುಗೆರೆಯ ಮೇಲಿರುವ ಪೈಲಟ್‌ಗೆ ಮುಂದಿನ ಗುರುತುಗಳು ಅಥವಾ ದೀಪಗಳು ಎಷ್ಟು ಮೀಟರ್‌ವರೆಗೆ ಕಾಣುತ್ತವೆ ಎಂಬ ಅಳತೆ ಇದು. ಈ ಎರಡು ಅಂಕಿಗಳು ಪ್ರಪಂಚದಾದ್ಯಂತ ಹೆಚ್ಚುಕಡಿಮೆ ಒಂದೇ. ಅವನ್ನು ಯಾರು ಅಳೆಯಬೇಕು, ಹಾರಾಟದ ಯಾವ ಹಂತದಲ್ಲಿ ಆ ಅಳತೆ ಕಟ್ಟುಪಾಡಾಗುತ್ತದೆ, ಅಳತೆ ಕಡಿಮೆ ಬಂದಾಗಲೂ ಕೆಳಗಿಳಿದು ನೋಡುವ ಹಕ್ಕು ಪೈಲಟ್‌ಗೆ ಉಂಟೇ ಎಂಬಲ್ಲಿ ದೇಶ ದೇಶಕ್ಕೂ ದಾರಿ ಕವಲೊಡೆಯುತ್ತದೆ.

ಬಸವಕಲ್ಯಾಣದಲ್ಲಾಗಲಿ ಹುಮನಾಬಾದ್‌ನಲ್ಲಾಗಲಿ ವಿಮಾನ ನಿಲ್ದಾಣವಿಲ್ಲ. ಹಾಗೆಂದು ಈ ವಿಷಯ ಅಲ್ಲಿನವರಿಗೆ ದೂರದ್ದೂ ಅಲ್ಲ. ನಕ್ಷೆಯ ಮೇಲೆ ಹೈದರಾಬಾದ್‌ನಿಂದ ಮುಂಬೈಗೆ ನೇರ ಗೆರೆ ಎಳೆದರೆ ಅದು ಹುಮನಾಬಾದ್‌ನ ತೀರ ಹತ್ತಿರ ಹಾದುಹೋಗುತ್ತದೆ. ಹೆಚ್ಚುಕಡಿಮೆ ಅದೇ ದಿಕ್ಕು ಹಿಡಿದು ನೆಲದ ಮೇಲೆ ರಾಷ್ಟ್ರೀಯ ಹೆದ್ದಾರಿ 65 ಹೈದರಾಬಾದ್‌ನಿಂದ ಹುಮನಾಬಾದ್, ಸಸ್ತಾಪುರ ಬಂಗ್ಲಾ ದಾಟಿ ಸೊಲ್ಲಾಪುರ, ಪುಣೆಗಳತ್ತ ಸಾಗುತ್ತದೆ. ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಮರುವರ್ಷದ ಫೆಬ್ರವರಿಯಲ್ಲಿ ಬೀದರ್ ವಾಯುಪಡೆ ನೆಲೆಯ ಮಗ್ಗುಲಿಗೆ ನಾಗರಿಕ ಟರ್ಮಿನಲ್ ತೆರೆಯಿತು. ಬೀದರ್‌ನಿಂದ ಬೆಂಗಳೂರಿಗೆ ಹೋಗುವ ವಿಮಾನ ಆಮೇಲೆ ನಡುನಡುವೆ ನಿಂತಿದೆ, ಮತ್ತೆ ಹಾರಿದೆ. ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳು ಸಮುದ್ರಮಟ್ಟದಿಂದ ಸುಮಾರು ಎರಡು ಸಾವಿರ ಅಡಿ ಎತ್ತರದ ಪ್ರಸ್ಥಭೂಮಿಯಲ್ಲಿವೆ. ಹುಮನಾಬಾದ್‌ನಲ್ಲಿ ವೀರಭದ್ರೇಶ್ವರ ಜಾತ್ರೆ ನಡೆಯುವ ಜನವರಿಯಲ್ಲಿ ರಾತ್ರಿಯ ಆಕಾಶ ಶುಭ್ರವಾಗಿರುತ್ತದೆ, ಹಗಲಿಡೀ ಕಾದ ನೆಲ ತನ್ನ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ, ಗಾಳಿ ಬೀಸುವುದಿಲ್ಲ. ನೆಲಕ್ಕೆ ತಾಗಿದ ಗಾಳಿಯಲ್ಲಿ ತೇವ ಸಾಕಷ್ಟಿದ್ದರೆ ಬೆಳಗಿನ ಜಾವಕ್ಕೆ ಮಂಜು ಕಟ್ಟಲು ಇನ್ನೇನೂ ಬೇಕಿಲ್ಲ. ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿ ಬಯಲಿನಲ್ಲೂ ಮಂಜು ಬೀಳುವ ಬಗೆ ಇದೇ.

ಹೆದ್ದಾರಿಯಲ್ಲಿ ಅಂಥ ಮಂಜಿಗೆ ಸಿಕ್ಕ ಲಾರಿ ಚಾಲಕನಿಗೆ ಯಾರೂ ಮೀಟರ್ ಲೆಕ್ಕ ಹೇಳುವುದಿಲ್ಲ. ಅವನ ಕಣ್ಣೇ ಅವನಿಗೆ ಅಧಿಕಾರಿ. ಮುಂದಿನ ವಾಹನದ ಕೆಂಪು ದೀಪ ಕಂಡರೆ ಹೋಗುತ್ತಾನೆ, ಕಾಣದಿದ್ದರೆ ಧಾಬಾದ ಮುಂದೆ ನಿಲ್ಲಿಸುತ್ತಾನೆ. ಅಮೆರಿಕದ ಖಾಸಗಿ ಪೈಲಟ್ ಇವತ್ತಿಗೂ ಬಹುಮಟ್ಟಿಗೆ ಈ ಲಾರಿ ಚಾಲಕನ ಸ್ಥಿತಿಯಲ್ಲಿದ್ದಾನೆ. ಭಾರತದ ಪೈಲಟ್ ಹಾಗಿಲ್ಲ.

ಎಂಟು ಸೆಕೆಂಡಿನ ಲೆಕ್ಕ

1944ರ ಡಿಸೆಂಬರ್ 7ರಂದು ಷಿಕಾಗೋದಲ್ಲಿ ಸಹಿ ಬಿದ್ದ ಒಪ್ಪಂದದಿಂದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಹುಟ್ಟಿತು. ವೃತ್ತಿಯವರು ಇದನ್ನು ಐಕಾವೊ ಎನ್ನುತ್ತಾರೆ. ಪ್ರಧಾನ ಕಚೇರಿ ಕೆನಡಾದ ಮಾಂಟ್ರಿಯಲ್‌ನಲ್ಲಿದೆ. ಮಾನದಂಡಗಳನ್ನು ರೂಪಿಸುವುದು ಅದರ ಕೆಲಸ. ಕಾನೂನು ಮಾಡುವ ಅಧಿಕಾರ ಆಯಾ ದೇಶದ್ದು. ಒಪ್ಪಂದದ 38ನೇ ವಿಧಿಯಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ. ಯಾವುದೇ ದೇಶ ಮಾನದಂಡವನ್ನು ಪಾಲಿಸಲಾಗದಿದ್ದರೆ ತನ್ನ ನಿಯಮ ಎಲ್ಲಿ ಬೇರೆ ಎಂಬುದನ್ನು ತಿಳಿಸಿಬಿಟ್ಟರೆ ಸಾಕು. ಮುಂದೆ ಹೇಳುವ ಹಲವು ವ್ಯತ್ಯಾಸಗಳು ಈ ಕಿಂಡಿಯಿಂದ ಒಳಬಂದವು. ಹೊರಗಿನಿಂದ ನೋಡಿದರೆ ಇದೊಂದು ದೌರ್ಬಲ್ಯ ಎನ್ನಿಸಬಹುದು. ಈ ಕಿಂಡಿಯಿಲ್ಲದಿದ್ದರೆ ಒಪ್ಪಂದಕ್ಕೆ ಅಷ್ಟೊಂದು ಸಹಿ ಬೀಳುತ್ತಿದ್ದುದು ಅನುಮಾನ.

ಉಪಕರಣಗಳನ್ನು ನಂಬಿ ಇಳಿಯುವುದಕ್ಕೆ ಐಎಲ್‌ಎಸ್ ಎಂಬ ವ್ಯವಸ್ಥೆ ಆಧಾರ. ರನ್‌ವೇಯ ಬಳಿಯ ಎರಡು ಆಂಟೆನಾಗಳ ಪೈಕಿ ಒಂದು ಎಡ-ಬಲದ ದಿಕ್ಕನ್ನೂ ಇನ್ನೊಂದು ಇಳಿಜಾರಿನ ಕೋನವನ್ನೂ ರೇಡಿಯೊ ತರಂಗದಲ್ಲಿ ಕಳಿಸುತ್ತದೆ. ಅವು ತೋರಿಸಿದ ಹಾದಿಯಲ್ಲಿ ಎಷ್ಟು ಕೆಳಗೆ ಬರಬಹುದು ಎಂಬುದರ ಮೇಲೆ ಮೂರು ವರ್ಗಗಳಾಗಿವೆ. ಮೊದಲ ವರ್ಗದಲ್ಲಿ ನಿರ್ಧಾರದ ಎತ್ತರ 200 ಅಡಿ, ಆರ್‌ವಿಆರ್ 550 ಮೀಟರ್. ಎರಡನೇ ವರ್ಗದಲ್ಲಿ 100 ಅಡಿ, 300 ಮೀಟರ್. ಮೂರನೇ ವರ್ಗದಲ್ಲಿ ನಿರ್ಧಾರದ ಎತ್ತರ 100 ಅಡಿಗೂ ಕೆಳಗೆ, ಇಲ್ಲವೇ ಅದರ ಗೊಡವೆಯೇ ಇಲ್ಲ. ಈ ಮೂರನೆಯದನ್ನು ಎ, ಬಿ, ಸಿ ಎಂದು ಒಡೆಯುವುದು ರೂಢಿಯಾಗಿತ್ತು. ಎ ಗೆ 175 ಮೀಟರ್, ಬಿ ಗೆ 50 ಮೀಟರ್, ಸಿ ಗೆ ಯಾವ ಮಿತಿಯೂ ಇಲ್ಲ. ಐಕಾವೊ ಈಚೆಗೆ ಈ ಒಡಕನ್ನು ಕೈಬಿಟ್ಟಿದೆ. ಯುರೋಪ್‌ನಲ್ಲೂ ಹೋಯಿತು. ಭಾರತದ ವಿಮಾನ ನಿಲ್ದಾಣಗಳ ಸುದ್ದಿಯಲ್ಲಿ ಮಾತ್ರ ‘ಕ್ಯಾಟ್ ಥ್ರೀ ಬಿ’ ಎಂಬ ಮಾತು ಇನ್ನೂ ಗಟ್ಟಿಯಾಗಿ ಉಳಿದಿದೆ.

ಈ ಅಂಕಿಗಳು ಕಾಗದದ ಮೇಲೆ ಧಾರಾಳವಾಗಿ ಕಾಣುತ್ತವೆ, ಕಾಕ್‌ಪಿಟ್‌ನಲ್ಲಿ ಹಾಗಲ್ಲ. ಜೆಟ್ ವಿಮಾನ ಗಂಟೆಗೆ ಸುಮಾರು 260 ಕಿಲೋಮೀಟರ್ ವೇಗದಲ್ಲಿ ಇಳಿಯಲು ಬರುತ್ತದೆ, ಅಂದರೆ ಸೆಕೆಂಡಿಗೆ 72 ಮೀಟರ್. 550 ಮೀಟರ್ ದಾಟಲು ಅದಕ್ಕೆ ಎಂಟು ಸೆಕೆಂಡು ಸಾಕು. 200 ಅಡಿ ಎತ್ತರದಿಂದ ನೆಲ ಮುಟ್ಟಲು ಬೇಕಾಗುವುದು ಹದಿನೇಳು ಸೆಕೆಂಡು. 50 ಮೀಟರ್ ಎಂದರೆ ಬಸ್ ನಿಲ್ದಾಣದಲ್ಲಿ ಒಂದರ ಹಿಂದೊಂದು ನಿಂತ ನಾಲ್ಕು ಬಸ್ಸುಗಳ ಉದ್ದ. ಅದನ್ನು ದಾಟಲು ಒಂದು ಸೆಕೆಂಡೂ ಬೇಡ. ಅಷ್ಟರಲ್ಲಿ ಮನುಷ್ಯನ ಕಣ್ಣು ಕಂಡು, ಮಿದುಳು ತಿಳಿದು, ಕೈ ತಿದ್ದುವ ಮಾತೇ ಇಲ್ಲ. ಹಾಗಾಗಿ ಮೂರನೇ ವರ್ಗದಲ್ಲಿ ವಿಮಾನವನ್ನು ನೆಲಕ್ಕೆ ಇಳಿಸುವುದು ಆಟೊಪೈಲಟ್. ಪೈಲಟ್‌ಗಳು ಅದರ ಮೇಲೆ ಕಣ್ಣಿಟ್ಟಿರುತ್ತಾರೆ. ಈ ತಂತ್ರ ಹುಟ್ಟಿದ್ದು ಮಂಜಿಗೆ ಹೆಸರಾದ ಬ್ರಿಟನ್‌ನಲ್ಲಿ. 1965ರ ಜೂನ್ 10ರಂದು ಪ್ಯಾರಿಸ್‌ನಿಂದ ಲಂಡನ್‌ಗೆ ಪ್ರಯಾಣಿಕರನ್ನು ಹೊತ್ತು ಬಂದ ಟ್ರೈಡೆಂಟ್ ವಿಮಾನ ಹೀಥ್ರೂನಲ್ಲಿ ಸ್ವಯಂಚಾಲಿತವಾಗಿ ನೆಲ ಮುಟ್ಟಿತು.

ಅಂಕಿಗಳು ಒಂದೇ ಎಂದರೂ ಅಂಚಿನಲ್ಲಿ ಸಣ್ಣ ಸಣ್ಣ ಭೇದಗಳಿವೆ. ಅಮೆರಿಕದಲ್ಲಿ ಮೊದಲ ವರ್ಗಕ್ಕೆ ಆರ್‌ವಿಆರ್ 2,400 ಅಡಿ ಇರಬೇಕು. ನೆಲ ಮುಟ್ಟುವ ಜಾಗದಲ್ಲೂ ನಡುಗೆರೆಯಲ್ಲೂ ದೀಪಗಳಿದ್ದರೆ 1,800 ಅಡಿ. ಈ ಎರಡನೆಯದು 550 ಮೀಟರ್‌ಗೆ ಸಮ. ಮೂರನೇ ವರ್ಗದ ಕೆಳ ಅಂಚು ಅಮೆರಿಕದಲ್ಲಿ 300 ಅಡಿ, ಯುರೋಪ್‌ನ ಕೋಷ್ಟಕದಲ್ಲಿ ಬಹುಕಾಲ 75 ಮೀಟರ್, ಭಾರತದಲ್ಲಿ 50 ಮೀಟರ್. ಅಂದರೆ ಎಲ್ಲ ಸಲಕರಣೆಯೂ ಇರುವ ಕಡೆ ಭಾರತದ ಗೆರೆಯೇ ಹೆಚ್ಚು ಕೆಳಗಿದೆ. ಭಾರತದ ನಿಯಮವೆಂದರೆ ಅತಿ ಎಚ್ಚರಿಕೆಯ ನಿಯಮ ಎಂದು ನಂಬಿದವರಿಗೆ ಇದು ಅಚ್ಚರಿಯ ಸಂಗತಿ. ದೆಹಲಿಯ ಚಳಿಗಾಲ ಈ ಗೆರೆಯನ್ನು ಅಲ್ಲಿಗೆ ಇಳಿಸಿತು.

ಅಳೆಯುವವರು ಯಾರು

ಹವಾಮಾನ ವರದಿಯ ಗೋಚರತೆ ಬೇರೆ, ಆರ್‌ವಿಆರ್ ಬೇರೆ. ಮೊದಲನೆಯದನ್ನು ವೀಕ್ಷಕನೊಬ್ಬ ಗೊತ್ತಿರುವ ದೂರದ ಗೋಪುರ, ನೀರಿನ ಟ್ಯಾಂಕು, ಗುಡ್ಡಗಳನ್ನು ನೋಡಿ ಹೇಳುತ್ತಾನೆ. ಎರಡನೆಯದು ಯಂತ್ರದ ಮಾತು. ರನ್‌ವೇಯ ಪಕ್ಕದಲ್ಲಿ ಕೆಲವು ಹತ್ತು ಮೀಟರ್ ಅಂತರದಲ್ಲಿ ಎರಡು ಕಂಬಗಳಿರುತ್ತವೆ. ಒಂದರಿಂದ ಬೆಳಕಿನ ಕಿರಣ ಹೊರಡುತ್ತದೆ, ಇನ್ನೊಂದು ಅದನ್ನು ಹಿಡಿಯುತ್ತದೆ. ನಡುವಿನ ಮಂಜಿನ ಹನಿಗಳು ಎಷ್ಟು ಬೆಳಕನ್ನು ನುಂಗಿದವು, ಚದುರಿಸಿದವು ಎಂಬುದರಿಂದ ಗೋಚರ ದೂರ ಲೆಕ್ಕಕ್ಕೆ ಸಿಗುತ್ತದೆ. ಟ್ರಾನ್ಸ್‌ಮಿಸೋಮೀಟರ್ ಎಂಬ ಈ ಸಾಧನವನ್ನು ಭಾರತ ಹೊರದೇಶದಿಂದಲೇ ತರಿಸಬೇಕಿತ್ತು. ಆಮೇಲೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ‘ದೃಷ್ಟಿ’ ಎಂಬ ಹೆಸರಿನಲ್ಲಿ ಸ್ವದೇಶಿ ಸಾಧನವನ್ನು ರೂಪಿಸಿತು. 25 ಮೀಟರ್‌ಗೂ ಕಡಿಮೆಯಿಂದ ಹಿಡಿದು 2,000 ಮೀಟರ್ ಮೀರಿದ ಗೋಚರತೆಯವರೆಗೆ ಅದು ಅಳೆಯಬಲ್ಲದು. ಭಾರತೀಯ ಹವಾಮಾನ ಇಲಾಖೆಯ ಜೊತೆಗೂಡಿ ಅದನ್ನು ದೇಶದ ಹಲವು ನಿಲ್ದಾಣಗಳಲ್ಲಿ ನಿಲ್ಲಿಸಲಾಗಿದೆ. ಉತ್ತರ ಭಾರತದ ಮಂಜನ್ನು ಅಳೆಯುವ ಕಣ್ಣು ಕರ್ನಾಟಕದಲ್ಲಿ ತಯಾರಾಯಿತು ಎಂಬುದು ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿ.

ಆರ್‌ವಿಆರ್ ಯಂತ್ರವಿಲ್ಲದ ಸಣ್ಣ ನಿಲ್ದಾಣದಲ್ಲಿ ಏನು ಮಾಡುವುದು? ದೇಶಗಳು ಬೇರೆಯಾಗುವ ಮೊದಲ ಜಾಗ ಇದು. ಯುರೋಪ್ ಮತ್ತು ಭಾರತದಲ್ಲಿ ವೀಕ್ಷಕ ಹೇಳಿದ ಗೋಚರತೆಯನ್ನು ಒಂದು ಗುಣಕದಿಂದ ಹಿಗ್ಗಿಸುತ್ತಾರೆ. ರನ್‌ವೇಗೂ ಅದರ ಮುಂದಿನ ಹಾದಿಗೂ ಪ್ರಖರ ದೀಪಗಳಿದ್ದರೆ ಹಗಲಿನಲ್ಲಿ ಒಂದೂವರೆ ಪಟ್ಟು, ರಾತ್ರಿಯಲ್ಲಿ ಎರಡು ಪಟ್ಟು. ರಾತ್ರಿ 400 ಮೀಟರ್ ಎಂದು ವರದಿಯಾದರೆ ಲೆಕ್ಕದಲ್ಲಿ 800 ಮೀಟರ್ ಆಗುತ್ತದೆ. ಕತ್ತಲಲ್ಲಿ ದೀಪ ಹೆಚ್ಚು ದೂರದಿಂದ ಕಾಣುತ್ತದೆ ಎಂಬುದೇ ಇದರ ತರ್ಕ. ಊರಾಚೆ ಹೊಲದಲ್ಲಿ ನಿಂತು ದೂರದ ಗುಡಿಯ ದೀಪ ನೋಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಂತ್ರ ಇರುವ ಕಡೆ ಈ ಗುಣಾಕಾರಕ್ಕೆ ಅವಕಾಶವಿಲ್ಲ, ಟೇಕಾಫ್‌ಗೂ ಇಲ್ಲ, ಎರಡನೇ ಮತ್ತು ಮೂರನೇ ವರ್ಗಗಳಿಗೂ ಇಲ್ಲ. ಅಮೆರಿಕದಲ್ಲಿ ಹಗಲು-ರಾತ್ರಿಯ ಭೇದವೇ ಇಲ್ಲ. ಅರ್ಧ ಮೈಲಿ ಎಂದರೆ 2,400 ಅಡಿ, ಕಾಲು ಮೈಲಿ ಎಂದರೆ 1,600 ಅಡಿ ಎಂಬ ಒಂದೇ ಕೋಷ್ಟಕ. ಅದೇ ಮಂಜು, ಅದೇ ದೀಪ, ಅದೇ ವಿಮಾನ. ಒಂದು ದೇಶದ ಲೆಕ್ಕದಲ್ಲಿ ಇಳಿಯಬಹುದು, ಇನ್ನೊಂದರಲ್ಲಿ ಇಳಿಯುವ ಹಾಗಿಲ್ಲ.

ಇಳಿದು ನೋಡುವ ಹಕ್ಕು

ಎಲ್ಲಕ್ಕಿಂತ ದೊಡ್ಡ ಭಿನ್ನತೆ ಇರುವುದು ಅಪ್ರೋಚ್ ನಿಷೇಧ ಎಂಬ ನಿಯಮದಲ್ಲಿ. ಯುರೋಪ್‌ನಲ್ಲೂ ಭಾರತದಲ್ಲೂ ವಿಮಾನ ನಿಲ್ದಾಣದ ಮಟ್ಟದಿಂದ 1,000 ಅಡಿಗೆ ಬರುವ ಮೊದಲು ವರದಿಯಾದ ಆರ್‌ವಿಆರ್ ನಿಗದಿತ ಮಿತಿಗಿಂತ ಕಡಿಮೆಯಿದ್ದರೆ ಅದಕ್ಕಿಂತ ಕೆಳಗೆ ಬರುವಂತೆಯೇ ಇಲ್ಲ. 1,000 ಅಡಿ ದಾಟಿದ ಮೇಲೆ ಅಳತೆ ಕುಸಿದರೆ ನಿರ್ಧಾರದ ಎತ್ತರದವರೆಗೆ ಮುಂದುವರಿಯಬಹುದು. ಅಲ್ಲಿ ದೀಪ ಕಂಡರೆ ಇಳಿಯಬಹುದು. ಪೈಲಟ್‌ನ ಕಣ್ಣಿಗಿಂತ ಮೊದಲು ನೆಲದ ಮೇಲಿನ ಯಂತ್ರದ ಮಾತು ನಡೆಯುತ್ತದೆ.

ಅಮೆರಿಕದ ಖಾಸಗಿ ಹಾರಾಟಕ್ಕೆ ಈ ನಿಷೇಧವೇ ಇಲ್ಲ. ಆರ್‌ವಿಆರ್ ಎಷ್ಟೇ ಕಡಿಮೆ ಎಂದು ವರದಿಯಾಗಲಿ, ಪೈಲಟ್ ನಿರ್ಧಾರದ ಎತ್ತರದವರೆಗೆ ಇಳಿದು ನೋಡಬಹುದು. ‘ಇಳಿದು ನೋಡಿ ಬರುವುದು’ ಎಂದೇ ಅಲ್ಲಿ ಅದನ್ನು ಕರೆಯುವ ರೂಢಿ. ಅಲ್ಲಿಂದ ಕೆಳಗೆ ಹೋಗಲು ಕಾನೂನು ಕೇಳುವುದು ಹಾರುವಾಗಿನ ಗೋಚರತೆಯನ್ನು, ಅಂದರೆ ಕಾಕ್‌ಪಿಟ್‌ನಿಂದ ಪೈಲಟ್ ತಾನೇ ಕಂಡ ದೂರವನ್ನು. ಆ ಗಳಿಗೆಯಲ್ಲಿ ಅವನು ಎಷ್ಟು ಕಂಡ ಎಂಬುದಕ್ಕೆ ಅವನೇ ಸಾಕ್ಷಿ. ಇಂಥ ಪೈಲಟ್ ಟೇಕಾಫ್ ಮಾಡುವುದಕ್ಕೂ ಅಲ್ಲಿ ಕನಿಷ್ಠ ಮಿತಿಯಿಲ್ಲ. ಏನೂ ಕಾಣದ ಮಂಜಿನಲ್ಲೂ ಮೇಲೇರಿದರೆ ಕಾನೂನು ತಡೆಯುವುದಿಲ್ಲ. ಅದೇ ದೇಶದ ವಿಮಾನಯಾನ ಕಂಪನಿಗಳಿಗೆ ಮಾತ್ರ ಈ ಸಲಿಗೆ ಇಲ್ಲ. ಕೊನೆಯ ಹಂತದ ಅಪ್ರೋಚ್ ಶುರುಮಾಡುವ ಮೊದಲೇ ವರದಿಯಾದ ಗೋಚರತೆ ಮಿತಿಗೆ ತಲುಪಿರಬೇಕು. ಆ ಹಂತ ಶುರುವಾಗುವುದು ರನ್‌ವೇಯಿಂದ ಹಲವು ಕಿಲೋಮೀಟರ್ ದೂರದಲ್ಲಿ, 1,000 ಅಡಿಗಿಂತ ಸಾಕಷ್ಟು ಮೇಲೆ. ಹೀಗಾಗಿ ಯುರೋಪ್‌ನ ಕಟ್ಟು ತುಸು ತಡವಾಗಿ ಬಿಗಿಯುತ್ತದೆ, ಅಮೆರಿಕದ ಕಟ್ಟು ತುಸು ಬೇಗ. ಪ್ರಯಾಣಿಕರು ಟಿಕೆಟ್ ಕೊಂಡು ಹತ್ತಿದ್ದಾರೋ ಇಲ್ಲವೋ ಎಂಬುದರ ಮೇಲೆ ಒಂದೇ ಮಂಜಿಗೆ ಎರಡು ಕಾನೂನು. ಟಿಕೆಟ್ ಕೊಂಡವನು ರಕ್ಷಣೆಯನ್ನೂ ಕೊಂಡಿದ್ದಾನೆ, ಸ್ವಂತ ವಿಮಾನದವನು ತನ್ನ ಜೀವಕ್ಕೆ ತಾನೇ ಹೊಣೆ ಎಂಬ ಅಮೆರಿಕನ್ ನಂಬಿಕೆ ಇದರ ಹಿಂದಿದೆ. ಅವನ ಹಿಂದಿನ ಸೀಟಿನಲ್ಲಿ ಕೂತ ಮಕ್ಕಳ ಮಾತು ಈ ನಂಬಿಕೆಯಲ್ಲಿ ಬರುವುದಿಲ್ಲ.

ಕೆನಡಾ ಇವೆರಡರ ನಡುವೆ ನಿಲ್ಲುತ್ತದೆ. ಅಲ್ಲಿ ನಕ್ಷೆಯಲ್ಲಿ ಮುದ್ರಿತವಾದ ಗೋಚರತೆ ಸಲಹೆ ಮಾತ್ರ. ಬೇಲಿ ಹಾಕುವುದು ಪ್ರತ್ಯೇಕ ಅಪ್ರೋಚ್ ನಿಷೇಧದ ನಿಯಮ. ಖಾಸಗಿ ಹಾರಾಟಕ್ಕೆ ಆರ್‌ವಿಆರ್ 1,200 ಅಡಿಗಿಂತ ಇಳಿಯಬಾರದು. ವಾಣಿಜ್ಯ ಹಾರಾಟಕ್ಕೆ ಸಲಹೆಯ ಗೋಚರತೆಯ ಮುಕ್ಕಾಲು ಪಾಲು ಇದ್ದರೂ ಸಾಕು. ಬ್ರಿಟನ್‌ನದು ಬ್ರಿಟನ್‌ಗೇ ಒಪ್ಪುವ ರೀತಿ. ಗೋಚರತೆ ಮಿತಿಗಿಂತ ಕೆಳಗಿದ್ದಾಗಲೂ ಪೈಲಟ್ ಬರುತ್ತಿದ್ದರೆ ಕಂಟ್ರೋಲರ್ ಅವನನ್ನು ತಡೆಯುವುದಿಲ್ಲ. ಇಷ್ಟು ಮಿತಿ, ಇಷ್ಟು ಅಳತೆ, ನಿಮ್ಮ ಉದ್ದೇಶವೇನು ಎಂದು ಕೇಳುತ್ತಾನೆ. ಬಂದೇ ಬರುತ್ತೇನೆ ಎಂದರೆ, ನಿಮ್ಮ ಹಾದಿಗೆ ಅಡ್ಡಬರುವ ವಿಮಾನವಿಲ್ಲ ಎಂದಷ್ಟೇ ಹೇಳಿ, ಆಮೇಲೆ ವರದಿ ಬರೆದು ಕಳಿಸುತ್ತಾನೆ.

ಕಟ್ಟುಪಾಡು ಇದ್ದರೂ ಪಾಲಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಐರ್ಲೆಂಡ್‌ನ ಕಾರ್ಕ್ ನಿಲ್ದಾಣದ ದುರಂತ ಕನ್ನಡಿ. 2011ರ ಫೆಬ್ರವರಿ 10ರಂದು ಹನ್ನೆರಡು ಜನರಿದ್ದ ಸಣ್ಣ ವಿಮಾನವೊಂದು ಮಂಜಿನಲ್ಲಿ ಮೂರು ಬಾರಿ ಇಳಿಯಲು ಯತ್ನಿಸಿತು. ಆರ್‌ವಿಆರ್ 550 ಮೀಟರ್‌ಗಿಂತ ಕಡಿಮೆ ಇದ್ದರೂ ಕೆಳಗಿಳಿದ ಅದು ಮೂರನೇ ಯತ್ನದಲ್ಲಿ ರನ್‌ವೇ ಬಳಿ ಮಗುಚಿಬಿತ್ತು. ಆರು ಮಂದಿ ಸತ್ತರು. ಭಾರತದಲ್ಲಿ ಇದಕ್ಕೂ ಬಹಳ ಮೊದಲು, 1973ರ ಮೇ 31ರಂದು, ಮದ್ರಾಸಿನಿಂದ ದೆಹಲಿಯ ಪಾಲಂಗೆ ಬರುತ್ತಿದ್ದ ಬೋಯಿಂಗ್ 737 ಕೆಟ್ಟ ಹವೆಯಲ್ಲಿ ರನ್‌ವೇ ಕಾಣದಿದ್ದರೂ ಕನಿಷ್ಠ ಎತ್ತರಕ್ಕಿಂತ ಕೆಳಗಿಳಿದು ವಿದ್ಯುತ್ ತಂತಿಗಳಿಗೆ ತಗುಲಿತು. ಅದರಲ್ಲಿದ್ದ 65 ಜನರ ಪೈಕಿ 48 ಮಂದಿ ತೀರಿಕೊಂಡರು. ಕೇಂದ್ರದ ಉಕ್ಕು ಮತ್ತು ಗಣಿ ಸಚಿವ ಮೋಹನ್ ಕುಮಾರಮಂಗಲಂ ಅವರಲ್ಲೊಬ್ಬರು. 2015ರ ಆಗಸ್ಟ್‌ನಲ್ಲಿ ದೋಹಾದಿಂದ ಕೊಚ್ಚಿಗೆ ಬಂದ ವಿಮಾನವೊಂದು ಅಲ್ಲಿ ಇಳಿಯಲಾಗದೆ ತಿರುವನಂತಪುರಕ್ಕೆ ತಿರುಗಿ, ಒಟ್ಟು ಏಳನೇ ಯತ್ನಕ್ಕೆ ನೆಲ ಮುಟ್ಟಿತು; ಟ್ಯಾಂಕಿನಲ್ಲಿ ಉಳಿದಿದ್ದ ಇಂಧನ 350 ಕಿಲೋಗಿಂತ ಕಡಿಮೆ.

ಕರ್ನಾಟಕದ ಎರಡು ದೊಡ್ಡ ವಿಮಾನ ದುರಂತಗಳು ಮಂಜಿನಲ್ಲಿ ನಡೆದವಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಅಂಚಿನಲ್ಲಿ ಏರ್‌ಬಸ್ 320 ಬಿದ್ದು 92 ಜನ ಸತ್ತಾಗ ಪೈಲಟ್‌ಗಳಿಗೆ ರನ್‌ವೇ ಚೆನ್ನಾಗಿ ಕಾಣುತ್ತಿತ್ತು. 2010ರ ಮೇ 22ರ ಬೆಳಿಗ್ಗೆ ಮಂಗಳೂರಿನ ಬಜ್ಪೆಯಲ್ಲಿ 158 ಜನರನ್ನು ಬಲಿ ತೆಗೆದುಕೊಂಡ ಅಪಘಾತದ ಹೊತ್ತಿಗೆ ಗೋಚರತೆ ಆರು ಕಿಲೋಮೀಟರ್ ಇತ್ತು. ಮಂಜಿನ ನಿಯಮ ಮಂಜನ್ನಷ್ಟೇ ಕಾಯುತ್ತದೆ.

ನಕ್ಷೆ ಬರೆಯುವ ಎರಡು ಶಾಲೆ

ಪೈಲಟ್ ಯಾವ ಹಾದಿಯಲ್ಲಿ ಇಳಿಯಬೇಕು, ಗುಡ್ಡ-ಗೋಪುರಗಳಿಂದ ಎಷ್ಟು ದೂರ ಇರಬೇಕು ಎಂದು ಲೆಕ್ಕ ಹಾಕಿ ನಕ್ಷೆ ಬರೆಯುವುದರಲ್ಲೂ ಪ್ರಪಂಚ ಎರಡು ಪಾಲಾಗಿದೆ. ಐಕಾವೊ ಪದ್ಧತಿಗೆ ಪ್ಯಾನ್ಸ್-ಆಪ್ಸ್ ಎಂದು ಹೆಸರು. ಭಾರತ ಮತ್ತು ಯುರೋಪ್ ಇದನ್ನು ಅನುಸರಿಸುತ್ತವೆ. ಅಮೆರಿಕದ ಪದ್ಧತಿ ಟರ್ಪ್ಸ್. ಅಮೆರಿಕದ ಸೇನೆಯ ಪ್ರಭಾವ ಇರುವ ಕೆಲವು ದೇಶಗಳಲ್ಲೂ ಅದೇ ನಡೆಯುತ್ತದೆ. ಉಪಕರಣ ತೋರಿದ ರನ್‌ವೇಯತ್ತ ಬಂದು, ಗಾಳಿ ಅನುಕೂಲವಿಲ್ಲದ್ದರಿಂದ ಕಣ್ಣಳತೆಯಲ್ಲೇ ಸುತ್ತು ಹಾಕಿ ಅದೇ ರನ್‌ವೇಯ ಇನ್ನೊಂದು ತುದಿಯಿಂದ ಇಳಿಯುವ ಕ್ರಮವೊಂದಿದೆ. ಮಧ್ಯಮ ಗಾತ್ರದ ಜೆಟ್‌ಗೆ ಆ ಸುತ್ತಿನ ಸುರಕ್ಷಿತ ವಲಯ ಪ್ಯಾನ್ಸ್-ಆಪ್ಸ್ ಪ್ರಕಾರ ರನ್‌ವೇ ತುದಿಯಿಂದ 4.2 ನಾಟಿಕಲ್ ಮೈಲಿ. ಟರ್ಪ್ಸ್‌ನ ಹಳೆಯ ಲೆಕ್ಕದಲ್ಲಿ ಬರೀ 1.7. ಒಂದು ನಾಟಿಕಲ್ ಮೈಲಿ 1.85 ಕಿಲೋಮೀಟರ್. ಒಂದು ಶಾಲೆಯಲ್ಲಿ ಪಳಗಿದವನು ಇನ್ನೊಂದು ಶಾಲೆಯ ನಕ್ಷೆ ಹಿಡಿದು ಮಂಜಿನಲ್ಲಿ ಅಗಲವಾಗಿ ಸುತ್ತಿದರೆ ಗುಡ್ಡ ಎದುರಾಗುತ್ತದೆ.

ದಕ್ಷಿಣ ಕೊರಿಯಾದ ಬೂಸಾನ್‌ನ ಗಿಮ್ಹೆ ನಿಲ್ದಾಣದಲ್ಲಿ ಆದದ್ದು ಇದೇ. ಬೀದರ್‌ನ ಹಾಗೆ ಅದೂ ವಾಯುಪಡೆಯ ನೆಲೆ, ನಾಗರಿಕ ವಿಮಾನಗಳಿಗೂ ತೆರೆದಿದೆ. 2002ರ ಏಪ್ರಿಲ್ 15ರಂದು ಬೀಜಿಂಗ್‌ನಿಂದ ಬಂದ ಏರ್ ಚೈನಾದ ಬೋಯಿಂಗ್ 767 ಮಳೆ-ಮಂಜಿನ ನಡುವೆ ಸುತ್ತು ಹಾಕುತ್ತ ಟರ್ಪ್ಸ್‌ನ ಕಿರಿದಾದ ವಲಯವನ್ನು ಮೀರಿ ಡೊಟ್‌ಡೆ ಬೆಟ್ಟಕ್ಕೆ ಬಡಿಯಿತು. 166 ಜನರ ಪೈಕಿ 129 ಮಂದಿ ಸತ್ತರು. ತಿರುವು ತಡವಾದದ್ದು ಮೊದಲ ಕಾರಣ, ನಿಜ. ನಕ್ಷೆಯ ಶಾಲೆ ಬೇರೆ ಎಂಬುದು ಆ ತಪ್ಪಿಗೆ ಉಳಿಗಾಲವಿಲ್ಲದಂತೆ ಮಾಡಿತು. ಅಮೆರಿಕ ಆಮೇಲೆ ತನ್ನ ವಲಯವನ್ನು ಹಿಗ್ಗಿಸಿತು. ಹಳೆಯ ಲೆಕ್ಕದ ನಕ್ಷೆ, ಹೊಸ ಲೆಕ್ಕದ ನಕ್ಷೆ ಯಾವುದೆಂದು ಗೊತ್ತಾಗಲು ಹೊಸದರಲ್ಲಿ ಒಂದು ಚಿಹ್ನೆ ಇಡುತ್ತಾರೆ. ಆ ಚಿಹ್ನೆಯನ್ನು ಗಮನಿಸುವುದು ಮತ್ತೆ ಪೈಲಟ್‌ನ ಹೊಣೆ.

ಮೂರು ಬೀಗ, ಮೂರು ಕೀಲಿ

ಭಾರತದಲ್ಲಿ ಈ ನಿಯಮಗಳನ್ನು ಹೊರಡಿಸುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಲ್ಲರ ಬಾಯಲ್ಲಿ ಡಿಜಿಸಿಎ. ಅದಕ್ಕೆ ಅಧಿಕಾರ ಕೊಡುತ್ತಿದ್ದ 1934ರ ವಿಮಾನ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಬೀದರ್ ರನ್‌ವೇ ವಾಯುಪಡೆಯದು, ಕಂಟ್ರೋಲರ್ ವಾಯುಪಡೆಯವರು, ಆದರೂ ಅಲ್ಲಿ ಇಳಿಯುವ ನಾಗರಿಕ ವಿಮಾನದ ಪೈಲಟ್ ಯಾವ ಗೋಚರತೆಯಲ್ಲಿ ಇಳಿಯಬಹುದು ಎಂಬುದು ಡಿಜಿಸಿಎ ಒಪ್ಪಿದ ಮಿತಿಗೆ ಕಟ್ಟುಬಿದ್ದದ್ದು.

ದಟ್ಟ ಮಂಜಿನಲ್ಲಿ ಇಳಿಯಲು ಮೂರು ಬೀಗಗಳು ತೆರೆಯಬೇಕು. ರನ್‌ವೇ ಆ ವರ್ಗದ್ದಾಗಿರಬೇಕು, ವಿಮಾನಕ್ಕೆ ಆ ವರ್ಗದ ಸಲಕರಣೆ ಇರಬೇಕು, ಕ್ಯಾಪ್ಟನ್ ಮತ್ತು ಸಹಪೈಲಟ್ ಇಬ್ಬರೂ ಆ ವರ್ಗಕ್ಕೆ ತರಬೇತಾಗಿರಬೇಕು. ಮೂರರಲ್ಲಿ ಒಂದು ಕೊರತೆಯಾದರೂ ಇಡೀ ಹಾರಾಟ ಆ ಕೊರತೆಯ ಮಟ್ಟಕ್ಕೇ ಇಳಿಯುತ್ತದೆ. ದೆಹಲಿಗೆ ಮಂಜಿನ ಹೊತ್ತಿನಲ್ಲಿ ತಲುಪುವ ವಿಮಾನಗಳಿಗೆ ಮೂರನೇ ವರ್ಗದ ತರಬೇತಿ ಇರುವ ಪೈಲಟ್‌ಗಳನ್ನೇ ಹಾಕಬೇಕೆಂದು ಡಿಜಿಸಿಎ ವಿಮಾನಯಾನ ಕಂಪನಿಗಳಿಗೆ ಹೇಳುತ್ತದೆ. ಅದರ ಲೆಕ್ಕದಲ್ಲಿ ಮಂಜಿನ ಕಾಲ ಡಿಸೆಂಬರ್ 10ರಿಂದ ಫೆಬ್ರವರಿ 10ರವರೆಗೆ. ಹವೆಗೆ ಪಂಚಾಂಗ ಕಟ್ಟಿದ ಹಾಗೆ ಕಾಣುವ ಈ ಕ್ರಮ ಬೇರೆ ದೊಡ್ಡ ದೇಶಗಳಲ್ಲಿ ಅಪರೂಪ.

ಬೆಂಗಳೂರಿನ ಕೆಂಪೇಗೌಡ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾದಾಗ ಇದ್ದದ್ದು ಒಂದೇ ರನ್‌ವೇ. ಡಿಸೆಂಬರ್-ಜನವರಿಯ ಬೆಳಗಿನಲ್ಲಿ ಅಲ್ಲಿ ಗೋಚರತೆ 550 ಮೀಟರ್‌ಗಿಂತ ಇಳಿದರೆ ಇಳಿಯುವ ವಿಮಾನಗಳೆಲ್ಲ ಚೆನ್ನೈಗೋ ಹೈದರಾಬಾದ್‌ಗೋ ತಿರುಗುತ್ತಿದ್ದವು. ಹೊರಡುವುದಕ್ಕೂ 300 ಮೀಟರ್ ಬೇಕಿತ್ತು. ಎರಡನೆಯ, ಅಂದರೆ ದಕ್ಷಿಣದ ರನ್‌ವೇ 2019ರ ಡಿಸೆಂಬರ್‌ನಲ್ಲಿ ಬಳಕೆಗೆ ಬಂತು. ಮುಂದೆ ಅದಕ್ಕೆ ಕ್ಯಾಟ್ ಥ್ರೀ ಬಿ ಅನುಮತಿ ಸಿಕ್ಕಿತು. ದಕ್ಷಿಣ ಭಾರತದಲ್ಲಿ ಇದೇ ಮೊದಲು. ಈಗ ಅಲ್ಲಿ ಇಳಿಯಲು 50 ಮೀಟರ್, ಹೊರಡಲು 125 ಮೀಟರ್ ಸಾಕು.

ಬಸವಕಲ್ಯಾಣದಿಂದ ನಸುಕಿನಲ್ಲಿ ಹೊರಟು ಬೀದರ್‌ನಲ್ಲಿ ವಿಮಾನಕ್ಕೆ ಕಾಯುವವರಿಗೆ ಈ ಸುಧಾರಣೆಯ ಫಲ ಪೂರ್ತಿ ದಕ್ಕುವುದಿಲ್ಲ, ಏಕೆಂದರೆ ಉಳಿದೆರಡು ಬೀಗಗಳು ಹಾಗೇ ಇವೆ. ಚಿಕ್ಕ ಊರುಗಳಿಗೆ ಹಾರುವ ಎಟಿಆರ್‌ನಂಥ ಪಂಖದ ವಿಮಾನಗಳು ಸಾಮಾನ್ಯವಾಗಿ ಮೂರನೇ ವರ್ಗಕ್ಕೆ ಸಜ್ಜಾದವಲ್ಲ. 50 ಮೀಟರ್‌ನ ರನ್‌ವೇ ಎದುರಿಗಿದ್ದರೂ ಅಂಥ ವಿಮಾನ ಮಂಜು ತೆಳುವಾಗುವವರೆಗೆ ಆಕಾಶದಲ್ಲೇ ಸುತ್ತಬೇಕು, ಇಲ್ಲವೇ ಹೊರಡುವ ಊರಿನಲ್ಲೇ ಕಾಯಬೇಕು. ಜೊತೆಗೆ ಮೂರನೇ ವರ್ಗದ ಕಾರ್ಯಾಚರಣೆ ನಡೆಯುವಾಗ ಐಎಲ್‌ಎಸ್ ತರಂಗಗಳಿಗೆ ಅಡ್ಡಿಯಾಗದಂತೆ ಎರಡು ವಿಮಾನಗಳ ನಡುವಿನ ಅಂತರ ಹೆಚ್ಚಿಸಬೇಕಾಗುತ್ತದೆ. ಗಂಟೆಗೆ ಇಳಿಯುವ ವಿಮಾನಗಳ ಸಂಖ್ಯೆ ಕುಸಿಯುತ್ತದೆ, ಸರದಿ ಬೆಳೆಯುತ್ತದೆ. ಬೀದರ್‌ನಲ್ಲಿ ಬಿಸಿಲು ಬಿದ್ದಿದ್ದರೂ ವಿಮಾನ ಕದಲದ ಬೆಳಗುಗಳಿಗೆ ಇದು ಕಾರಣ. ಕೌಂಟರಿನಲ್ಲಿ ‘ಹವಾಮಾನ ವೈಪರೀತ್ಯ’ ಎಂದು ಹೇಳಿದಾಗ ಕಿಟಕಿಯಾಚೆ ನೋಡಿ ಸುಳ್ಳು ಎಂದು ಸಿಟ್ಟಾಗುವವರು ತಪ್ಪು ಊರಿನ ಆಕಾಶ ನೋಡುತ್ತಿರುತ್ತಾರೆ.

ಐಎಲ್‌ಎಸ್ ಇಲ್ಲದ ಸಣ್ಣ ನಿಲ್ದಾಣಗಳಿಗೆ ಉಪಗ್ರಹದ ನೆರವು ಇನ್ನೊಂದು ದಾರಿ. ಅಮೆರಿಕದಲ್ಲಿ ಇಂಥ ವ್ಯವಸ್ಥೆ 2003ರಿಂದ ಇದೆ. ಭಾರತದ್ದು ಗಗನ್, ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಮತ್ತು ಇಸ್ರೊ ಸೇರಿ ಕಟ್ಟಿದ್ದು. ಅದರ ಮುಖ್ಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಜಿಸ್ಯಾಟ್ 8, 10 ಮತ್ತು 15 ಉಪಗ್ರಹಗಳು ಅದರ ಸಂಕೇತಗಳನ್ನು ಹೊತ್ತಿವೆ. 2015ರ ಏಪ್ರಿಲ್‌ನಲ್ಲಿ ಇಳಿಯುವ ಹಾದಿಗೂ ಅದಕ್ಕೆ ಪ್ರಮಾಣಪತ್ರ ಸಿಕ್ಕಿತು. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಎಟಿಆರ್ ವಿಮಾನವೊಂದು ಗಗನ್ ನೆರವಿನಿಂದ ಇಳಿಯಿತು. ಇದರಲ್ಲಿ ನಿರ್ಧಾರದ ಎತ್ತರ ಸುಮಾರು 250 ಅಡಿಯವರೆಗೆ ಇಳಿಯಬಹುದು. ಐಎಲ್‌ಎಸ್‌ನ ಮೊದಲ ವರ್ಗಕ್ಕೆ ಇದು ಬಹಳ ಹತ್ತಿರ, ನೆಲದಲ್ಲಿ ಆಂಟೆನಾ ನೆಡುವ ಖರ್ಚಿಲ್ಲ. ದಟ್ಟ ಮಂಜಿಗೆ ಮಾತ್ರ ಇದು ಮದ್ದಲ್ಲ.

ಇವು ಯಾವುದೂ ಇಲ್ಲದ ಕಡೆ ಬರೀ ಕಣ್ಣಳತೆಯ ಹಾರಾಟ. ಭಾರತದಲ್ಲಿ ಅದಕ್ಕೆ ಸಾಮಾನ್ಯವಾಗಿ 5 ಕಿಲೋಮೀಟರ್ ಗೋಚರತೆ ಬೇಕು, ಮೋಡದಿಂದ ಅಡ್ಡಕ್ಕೆ 1,500 ಮೀಟರ್, ಲಂಬಕ್ಕೆ 1,000 ಅಡಿ ಅಂತರ ಇರಬೇಕು. ಸೂರ್ಯಾಸ್ತವಾಗಿ 20 ನಿಮಿಷ ಕಳೆದ ಮೇಲೆ ಅದೂ ಇಲ್ಲ. ಅಮೆರಿಕದಲ್ಲಿ ರಾತ್ರಿಯೂ ಕಣ್ಣಳತೆಯಲ್ಲಿ ಹಾರಬಹುದು. ಚುನಾವಣೆಯ ಕಾಲದಲ್ಲಿ ಊರ ಮೈದಾನಕ್ಕೆ ಇಳಿಯುವ ಹೆಲಿಕಾಪ್ಟರ್‌ಗೂ ನೆಲದಿಂದ ದಾರಿ ತೋರುವ ಉಪಕರಣವಿರುವುದಿಲ್ಲ, ಕಣ್ಣಳತೆಯೇ ಗತಿ. ಸಂಜೆಯ ಸಭೆಯನ್ನು ಅರ್ಧಕ್ಕೆ ಬಿಟ್ಟು ನಾಯಕರು ಹೊರಡುವುದಕ್ಕೆ ಹಲವು ಸಲ ಕಾರಣ ಸೂರ್ಯ, ರಾಜಕೀಯವಲ್ಲ.

ಮಂಜಿನಿಂದಾದ ವಿಳಂಬಕ್ಕೆ ಯುರೋಪ್‌ನಲ್ಲೂ ಭಾರತದಲ್ಲೂ ಪರಿಹಾರಧನ ಸಿಗುವುದಿಲ್ಲ. ಅದು ಕಂಪನಿಯ ಕೈಮೀರಿದ ಸಂಗತಿ ಎಂದೇ ಎರಡೂ ಕಡೆ ಕಾನೂನಿನ ನಿಲುವು. ಆದ್ದರಿಂದ ಡಿಸೆಂಬರ್-ಜನವರಿಯಲ್ಲಿ ಬೀದರ್ ಅಥವಾ ಹೈದರಾಬಾದ್‌ನಿಂದ ಬೆಂಗಳೂರು ತಲುಪಿ, ಅಲ್ಲಿಂದ ಮುಂದಿನ ವಿಮಾನ ಹಿಡಿಯಬೇಕಾದ ಬಸವಕಲ್ಯಾಣ, ಹುಮನಾಬಾದ್‌ನವರು ನಡುವೆ ನಾಲ್ಕು ತಾಸಾದರೂ ಬಿಡುವು ಇಟ್ಟುಕೊಂಡೇ ಟಿಕೆಟ್ ತೆಗೆಸಲಿ.